ಒಂದು ಪ್ರೇಮಗೀತೆಯ ಎರಡು ಪಾಠಗಳು: 1994 ಮತ್ತು 2019

ಪ್ರಾಚೀನ ಕಾವ್ಯವೊಂದಕ್ಕೆ ಹಲವು ಹಸ್ತಪ್ರತಿಗಳು ದೊರೆತಲ್ಲಿ ಅವನ್ನು ಪರಸ್ಪರ ತಾಳೆನೋಡಿ, ಪಾಠಾಂತರಗಳನ್ನು ಗುರುತಿಸಿ, ಕವಿಯ ಪಾಠಕ್ಕೆ ಸಮೀಪವಾದುದು ಯಾವುದೆಂದು ನಿರ್ಣಯಿಸುವ ಕ್ರಮವು ನಮ್ಮ ವಿದ್ವಾಂಸರಿಗೆ ಸುಪರಿಚಿತವಾದುದು. ಇತಿಹಾಸದ ವಿದ್ಯಾರ್ಥಿಗಾದರೋ ಭ್ರಷ್ಟಪಾಠವೂ ಉಪಯುಕ್ತವೇ. ಲಿಪಿಕಾರನು ಎಲ್ಲಿ ಕೈತಪ್ಪಿದನು, ಎಲ್ಲಿ ಬೇಕೆಂದೇ ತಿದ್ದಿದನು ಎಂಬುದರಿಂದ ಕವಿಯ ಕಾಲವಲ್ಲದಿದ್ದರೂ ಲಿಪಿಕಾರನ ಕಾಲವು ತಿಳಿದುಬರುತ್ತದೆ. ಜನರ ನಾಲಗೆಯ ಮೇಲೆ ನೆಲಸಿರುವ ಚಲಚ್ಚಿತ್ರಗೀತೆಗಳಿಗೆ ಈ ಕ್ರಮವನ್ನು ಅನ್ವಯಿಸಬಹುದೇ ಎಂಬುದನ್ನು ಒಂದು ನಿದರ್ಶನದ ಮೂಲಕ ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಷಯವು ನಮಗೆ ಒದಗಿಬಂದುದು ತರಗತಿಯಲ್ಲಿ. ಕ್ವಿಟ್ ಇಂಡಿಯಾ ಚಳವಳಿಯ ಪಾಠ ನಡೆದಿತ್ತು. ಆ ಚಳವಳಿಯನ್ನು ಹಿನ್ನೆಲೆಯಾಗಿರಿಸಿಕೊಂಡ ಚಲಚ್ಚಿತ್ರಗಳ ಮಾತು ಬಂದಾಗ ನಾವು '1942: ಎ ಲವ್ ಸ್ಟೋರಿ' ಎಂಬ ಹಿಂದೀ ಚಿತ್ರವನ್ನು ಹೆಸರಿಸಿದೆವು. ಅದರ ಪ್ರಸಿದ್ಧ ಪ್ರೇಮಗೀತೆಯನ್ನು ತಾನು ಬಲ್ಲೆನೆಂದು ಒಬ್ಬ ವಿದ್ಯಾರ್ಥಿನಿ ಎರಡು ಸಾಲು ಹಾಡಿ ತೋರಿಸಿದಳು. ಪಲ್ಲವಿಯ ಮೊದಲ ಸಾಲು ಅದೇ, ಮುಂದಿನದೆಲ್ಲ ಬೇರೆ. ಪಕ್ಕದಲ್ಲಿದ್ದವಳು ಇದಲ್ಲವೆಂದಳು. ತರಗತಿಯು ಎರಡು ಪಕ್ಷವಾಯಿತು. ಮೂಲವು ಯಾವುದೆಂದು ನಮ್ಮನ್ನು ಕೇಳಲಾಗಿ, 1994ರದೇ ಮೂಲವೆಂದು ಒಡನೆಯೇ ತೀರ್ಪು ಕೊಟ್ಟು ಮುಂದಿನ ಪಾಠಕ್ಕೆ ಹೋದೆವು. ತೀರ್ಪು ತಪ್ಪಲ್ಲ, ಆದರೆ ಅದು ಅವಸರದ್ದೆಂದು ತರುವಾಯ ತೋರಿತು. ಆ ಅವಸರಕ್ಕೆ ಪ್ರಾಯಶ್ಚಿತ್ತರೂಪವಾಗಿ ಈ ವಿಚಾರವನ್ನು ಕೈಗೊಂಡಿದ್ದೇವೆ.

ಮೊದಲು ಸಂಗತಿಗಳನ್ನು ನಿರೂಪಿಸುವುದು ಯುಕ್ತ. '1942: ಎ ಲವ್ ಸ್ಟೋರಿ' 1994ರಲ್ಲಿ ತೆರೆಕಂಡಿತು. ನಿರ್ದೇಶಕರು ವಿಧು ವಿನೋದ್ ಚೋಪ್ರಾ. ನಾಯಕ ನಾಯಿಕೆಯರ ಪಾತ್ರಗಳಲ್ಲಿ ಅನಿಲ್ ಕಪೂರ್ ಮತ್ತು ಮನೀಷಾ ಕೊಯಿರಾಲಾ. ಬ್ರಿಟಿಷರಿಗೆ ನಿಷ್ಠನಾದ ದಿವಾನನ ಮಗನು ಕ್ರಾಂತಿಕಾರಿಯೊಬ್ಬನ ಮಗಳನ್ನು ಪ್ರೀತಿಸಿ, ತಂದೆಯನ್ನೂ ತಂದೆಯ ಒಡೆಯರನ್ನೂ ಎದುರಿಸುವುದು ಅದರ ಕಥಾವಸ್ತು. ನಾಯಕನು ಆಕೆಯನ್ನು ಕಂಡ ಮೋಹದಲ್ಲಿ ಹಾಡುವ ಗೀತೆಯನ್ನು ಜಾವೇದ್ ಅಖ್ತರ್ ರಚಿಸಿದರು, ರಾಹುಲ್ ದೇವ್ ಬರ್ಮನ್ ಸ್ವರಸಂಯೋಜನೆ ಮಾಡಿದರು, ಕುಮಾರ್ ಸಾನು ಹಾಡಿದರು. ಇಪ್ಪತ್ತೈದು ವರ್ಷಗಳ ತರುವಾಯ, 2019ರ ಫೆಬ್ರವರಿ 1ರಂದು, ಆ ಗೀತೆಯ ಮೊದಲ ಸಾಲನ್ನೇ ಹೆಸರಾಗಿ ಉಳ್ಳ 'ಏಕ್ ಲಡ್ಕೀ ಕೋ ದೇಖಾ ತೋ ಐಸಾ ಲಗಾ' ಎಂಬ ಚಿತ್ರವು ಬಿಡುಗಡೆಯಾಯಿತು. ಇದರ ನಿರ್ದೇಶಕಿ ಶೆಲ್ಲಿ ಚೋಪ್ರಾ ಧರ್, ಹಿಂದಿನ ಚಿತ್ರದ ನಿರ್ದೇಶಕರ ಸೋದರಿ. ಆ ನಿರ್ದೇಶಕರು ಈಗ ನಿರ್ಮಾಪಕರು. ಗೀತೆಯನ್ನು ಪುನಾರಚಿಸಿದ ಸಂಗೀತ ನಿರ್ದೇಶಕರು ರೋಚಕ್ ಕೊಹ್ಲಿ. ಮೊದಲ ಸಾಲನ್ನೂ ಅದರ ಧಾಟಿಯನ್ನೂ ಉಳಿಸಿಕೊಂಡು ಉಳಿದ ಸಾಹಿತ್ಯವನ್ನು ಗುರುಪ್ರೀತ್ ಸೈನಿ ಹೊಸದಾಗಿ ಬರೆದರು. ದರ್ಶನ್ ರಾವಲ್ ಮತ್ತು ಸ್ವಯಂ ಕೊಹ್ಲಿಯವರು ಹಾಡಿದರು.

ಮೂಲಗೀತೆಯನ್ನು ಇಂದು ಅಭಿಜಾತವೆಂದು ಎಲ್ಲರೂ ಕರೆಯುತ್ತಾರೆ. ಅದು ಹುಟ್ಟಿದ ಸನ್ನಿವೇಶವಾದರೋ ಅಂತಹ ಖ್ಯಾತಿಯನ್ನು ಸೂಚಿಸುವಂತಿರಲಿಲ್ಲ. 1939ರಲ್ಲಿ ಕಲ್ಕತ್ತೆಯಲ್ಲಿ ಜನಿಸಿದ ರಾಹುಲ್ ದೇವ್ ಬರ್ಮನ್ನರು 1970ರ ದಶಕವನ್ನು ಆಳಿದವರು. 1980ರ ದಶಕದ ಉತ್ತರಾರ್ಧದಲ್ಲಿ ಅವರ ಚಿತ್ರಗಳು ಒಂದೊಂದಾಗಿ ಸೋತವು, ನಿರ್ಮಾಪಕರು ದೂರ ಸರಿದರು, 1988ರಲ್ಲಿ ಹೃದ್ರೋಗವೂ ಬಾಧಿಸಿತು. ಇಂತಹ ಹೊತ್ತಿನಲ್ಲಿ ಬಂದ ಚಿತ್ರವಿದು. ಅವರು ತಮ್ಮ ಹಳೆಯ ಅಬ್ಬರವನ್ನೆಲ್ಲ ಬದಿಗಿಟ್ಟು, ತಂದೆ ಸಚಿನ್ ದೇವ್ ಬರ್ಮನ್ನರ ಕಾಲದ ಮಂದಮಧುರ ಧಾಟಿಗೆ ಹಿಂದಿರುಗಿದರೆಂದು ಕೇಳುಗರಿಗೆ ಅನಿಸಿತು. ಅಂದರೆ, ಈಗ ನಾವು ಮೂಲವೆಂದು ಭಾವಿಸುವ ಗೀತೆಯೂ ತನ್ನ ಕಾಲದಲ್ಲಿ ಒಂದು ಹಿಂದಿರುಗುವಿಕೆಯೇ ಆಗಿತ್ತು. ಚಿತ್ರವು ತೆರೆಕಾಣುವ ಮೊದಲೇ, 1994ರ ಜನವರಿ 4ರಂದು, ಬರ್ಮನ್ನರು ಮುಂಬಯಿಯಲ್ಲಿ ತೀರಿಕೊಂಡರು. ಮರುವರ್ಷ ಫಿಲ್ಮ್‌ಫೇರ್ ಪ್ರಶಸ್ತಿಯು ಅವರಿಗೆ ಮರಣೋತ್ತರವಾಗಿ ಸಂದಿತು. ಇದೇ ಗೀತೆಗಾಗಿ ಕವಿಗೂ ಗಾಯಕರಿಗೂ ಪ್ರಶಸ್ತಿಗಳು ಬಂದವು. ಗೆದ್ದ ಹಾಡನ್ನು ಸಂಯೋಜಕರೊಬ್ಬರೇ ಕಾಣಲಿಲ್ಲ. ಗೀತೆಗೆ ಹತ್ತಿದ ಕಾರುಣ್ಯದ ಒಂದು ಅಂಶವು ಸ್ವರಗಳಿಂದ ಬಂದುದೋ ಈ ಮರಣದಿಂದ ಬಂದುದೋ ಎಂದು ಬಿಡಿಸಿ ಹೇಳುವುದು ಕಷ್ಟ.

ರಚನೆಯ ದೃಷ್ಟಿಯಿಂದ ಆ ಗೀತೆಯು ವಿಲಕ್ಷಣವಾದುದು. ಮೊದಲ ಸಾಲು ಒಂದು ವಾಕ್ಯದ ಪೂರ್ವಾರ್ಧ. ಉಳಿದುದೆಲ್ಲವೂ ಉಪಮಾನಗಳ ಸರಣಿ. ಮೂರು ಚರಣಗಳು, ಚರಣಕ್ಕೆ ಏಳರಂತೆ ಒಟ್ಟು 21 ಉಪಮಾನಗಳು. ಹೂವು, ಬೆಳಕು, ವನಮೃಗ, ದೇಗುಲದ ದೀಪ, ವೀಣೆ, ಬಳ್ಳಿ, ಗಂಧ, ಇವೇ ಅವುಗಳ ಸಾಮಗ್ರಿ. ಒಂದೂ ಹೊಸದಲ್ಲ. ಒಂದೇ ಉಪಮೇಯಕ್ಕೆ ಹಲವು ಉಪಮಾನಗಳನ್ನು ಮಾಲೆಯಾಗಿ ಕಟ್ಟುವುದನ್ನು ನಮ್ಮ ಆಲಂಕಾರಿಕರು ಮಾಲೋಪಮೆ ಎಂದು ಕರೆದರು. ದಂಡಿಯ ಕಾವ್ಯಾದರ್ಶದಲ್ಲಿ ಅದಕ್ಕೆ ಸ್ಥಾನವಿದೆ, ಮತ್ತು ದಂಡಿಯ ಜಾಡಿನಲ್ಲಿ ಬಹುಮಟ್ಟಿಗೆ ನಡೆದುದೇ ನಮ್ಮ ಕವಿರಾಜಮಾರ್ಗ. ಆದಕಾರಣ ಕನ್ನಡ ಓದುಗರಿಗೆ ಈ ಹಿಂದೀ ಗೀತೆಯ ಕಟ್ಟು ತೀರ ಅಪರಿಚಿತವೆನಿಸಲಾರದು. ಗೀತೆಯನ್ನು ತಾವು ಮುಂಚಿತವಾಗಿ ಬರೆದಿರಲಿಲ್ಲ, ಸಂಯೋಜಕರ ಬಳಿಗೆ ಹೋಗುವ ದಾರಿಯಲ್ಲಿ ಮೊದಲ ಸಾಲೂ ಉಪಮೆಗಳ ಯೋಜನೆಯೂ ಹೊಳೆದುವು, ಬರ್ಮನ್ನರು ಕೆಲವೇ ನಿಮಿಷಗಳಲ್ಲಿ ರಾಗ ಕೂಡಿಸಿದರು ಎಂದು ಜಾವೇದ್ ಅಖ್ತರ್ ಹಲವು ಬಾರಿ ಹೇಳಿದ್ದಾರೆ. ಕವಿಗಳು ತಮ್ಮ ಕೃತಿಯ ಹುಟ್ಟನ್ನು ವರ್ಣಿಸುವಾಗ ಸ್ವಲ್ಪ ಮೆರುಗು ಕೊಡುವುದು ವಾಡಿಕೆ. ಅದಾಗ್ಯೂ ಗೀತೆಯ ಸ್ವರೂಪವು ಈ ಮಾತಿಗೆ ವಿರುದ್ಧವಾಗಿಲ್ಲ. ಸರಣಿಯನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಎಷ್ಟು ಬೇಕಾದರೂ ಬೆಳೆಸಬಹುದು. ಬರ್ಮನ್ನರ ಸಂಯೋಜನೆಯ ಕುಶಲತೆ ಇರುವುದು ಇಲ್ಲಿಯೇ: ಚಿಕ್ಕ ಚಿಕ್ಕ ಉಪಮಾನಗಳನ್ನು ಒಂದೊಂದೇ ಮೆಟ್ಟಿಲಾಗಿ ಏರಿಸಿ, ಏಳನೆಯದನ್ನು ದೀರ್ಘವಾಗಿಸಿ, ಮತ್ತೆ ಮೊದಲ ಸಾಲಿಗೆ ಇಳಿಸುತ್ತಾರೆ.

ಇಂತಹ ಗೀತೆಯನ್ನು ಮುಟ್ಟಬಾರದಿತ್ತೆಂದು ಹಲವರು ಹೇಳುತ್ತಾರೆ. ಪುನಾರಚನೆಯು ಈಚಿನ ದುರ್ವ್ಯಸನವೆಂಬ ಭಾವನೆ ಈ ಮಾತಿನ ಹಿಂದಿದೆ. ಇತಿಹಾಸವು ಇದಕ್ಕೆ ಪೂರ್ಣ ಸಮ್ಮತಿ ಕೊಡುವುದಿಲ್ಲ. ಸಚಿನ್ ದೇವ್ ಬರ್ಮನ್ನರು 1973ರ 'ಅಭಿಮಾನ್' ಚಿತ್ರದ ಯುಗಳಗೀತೆಯೊಂದಕ್ಕೆ ರವೀಂದ್ರನಾಥ ಠಾಕೂರರ ಧಾಟಿಯನ್ನು ಆಧಾರವಾಗಿ ತೆಗೆದುಕೊಂಡರು. ಅವರ ಮಗ 1975ರ 'ಶೋಲೆ' ಚಿತ್ರದ ನೃತ್ಯಗೀತೆಗೆ ಯೂರೋಪಿನ ಗಾಯಕ ಡೆಮಿಸ್ ರೂಸೋಸ್ ಹಾಡಿದ ಗೀತೆಯೊಂದರ ಧಾಟಿಯನ್ನು ಬಳಸಿದರು. 1972ರ 'ಪಾಕೀಜಾ' ಚಿತ್ರದಲ್ಲಿ ಲತಾ ಮಂಗೇಶ್ಕರ್ ಹಾಡಿದ, ದುಪ್ಪಟಾ ಕಸಿದವರ ಮೇಲೆ ದೂರು ಹೇಳುವ ಆ ಜನಪ್ರಿಯ ಗೀತೆಯು 1941ರ 'ಹಿಮ್ಮತ್' ಚಿತ್ರದಲ್ಲಿ ಶಂಶಾದ್ ಬೇಗಂ ಅವರ ಕಂಠದಲ್ಲಿ ಆಗಲೇ ಕೇಳಿಬಂದಿತ್ತು. ಠುಮ್ರಿ, ದಾದ್ರಾ, ಕಜರಿಗಳಿಗೆ ಇಂತಹವನೇ ಒಡೆಯನೆಂಬುದು ಇರಲಿಲ್ಲ, ಹಾಡಿದವರದು ಹಾಡು. ಚಲಚ್ಚಿತ್ರವು ಬಹುಕಾಲ ಆ ಬಾವಿಯಿಂದಲೇ ನೀರು ಸೇದಿತು.

ಹಾಗಾದರೆ ಬದಲಾದುದು ಏನು? ನಮ್ಮ ಅಭಿಪ್ರಾಯದಲ್ಲಿ ಬದಲಾದುದು ಗೀತೆಯ ಒಡೆತನ. 1931ರಲ್ಲಿ 'ಆಲಂ ಆರಾ' ಬಂದಾಗ ನಟಿಸಿದವರೇ ಹಾಡಬೇಕಾಗಿತ್ತು. 1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್ 'ಧೂಪ್ ಛಾಂವ್' ಚಿತ್ರದಲ್ಲಿ ಹಿನ್ನೆಲೆ ಗಾಯನವನ್ನು ಪ್ರಯೋಗಿಸಿದ ತರುವಾಯ ಮುಖವೊಬ್ಬರದು, ಕಂಠವೊಬ್ಬರದು, ಪದವೊಬ್ಬರದು, ಸ್ವರವೊಬ್ಬರದು ಎಂಬ ವಿಭಾಗ ನೆಲೆಗೊಂಡಿತು. 1949ರ 'ಮಹಲ್' ಚಿತ್ರದ ಧ್ವನಿಮುದ್ರಿಕೆಯ ಮೇಲೆ ಗಾಯಕಿಯ ಹೆಸರಿಗೆ ಬದಲಾಗಿ ಕಥಾಪಾತ್ರದ ಹೆಸರಾದ ಕಾಮಿನಿ ಎಂಬುದನ್ನು ಮುದ್ರಿಸಿದ್ದರು. ಕೇಳುಗರು ಆಕಾಶವಾಣಿಯನ್ನು ವಿಚಾರಿಸಿದ ಮೇಲೆಯೇ ಅದು ಲತಾ ಮಂಗೇಶ್ಕರ್ ಎಂದು ಹೊರಬಿದ್ದುದು. ಹೀಗೆ ನಾಲ್ಕು ಪಾಲಾದ ಗೀತೆಯು ಕಾನೂನಿನ ದೃಷ್ಟಿಯಲ್ಲಿ ಯಾರದು?

1957ರ ಕೃತಿಸ್ವಾಮ್ಯ ಅಧಿನಿಯಮದ ಅರ್ಥವನ್ನು ಕುರಿತು ಈ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಕವಿ ಮತ್ತು ಸಂಯೋಜಕರ ಪರವಾಗಿ 1969ರಲ್ಲಿ ಸ್ಥಾಪಿತವಾದ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಗೂ ಪೂರ್ವ ಭಾರತದ ಚಲಚ್ಚಿತ್ರ ನಿರ್ಮಾಪಕರ ಸಂಘಕ್ಕೂ ನಡೆದ ವ್ಯಾಜ್ಯದಲ್ಲಿ 1977ರಲ್ಲಿ ತೀರ್ಪು ಬಂದಿತು. ಹಣ ಕೊಟ್ಟು ಚಿತ್ರಕ್ಕಾಗಿ ಬರೆಯಿಸಿದ, ಸಂಯೋಜಿಸಿದ ಗೀತೆಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ನಿರ್ಮಾಪಕನೇ ಪ್ರಥಮ ಸ್ವಾಮಿ ಎಂಬುದು ಅದರ ಸಾರಾಂಶ. ಹಾಡುವವರಿಗೆ ನಮ್ಮ ಕಾನೂನಿನಲ್ಲಿ ಯಾವ ಹಕ್ಕೂ ಇಲ್ಲದಿರುವುದನ್ನು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಪ್ರತ್ಯೇಕ ಟಿಪ್ಪಣಿಯಲ್ಲಿ ಎತ್ತಿ ತೋರಿಸಿ ಸಂಸತ್ತಿನ ಗಮನ ಸೆಳೆದರು. ಗಾಯಕರೇ ಮೊದಲಾದ ಪ್ರದರ್ಶಕರಿಗೆ ಹಕ್ಕನ್ನು ಕೊಟ್ಟ ತಿದ್ದುಪಡಿ ಬಂದುದು 1994ರಲ್ಲಿ, ನಮ್ಮ ಗೀತೆ ಹೊರಬಂದ ವರ್ಷವೇ. ಪದ ಮತ್ತು ಸ್ವರಗಳ ಕರ್ತೃಗಳಿಗೆ ಚಿತ್ರಮಂದಿರದ ಹೊರಗಿನ ಬಳಕೆಯ ಗೌರವಧನದಲ್ಲಿ ಸಮಪಾಲನ್ನು ಖಚಿತಪಡಿಸಿದ ತಿದ್ದುಪಡಿಯಾದರೋ 2012ರದು. ಅದಕ್ಕಾಗಿ ರಾಜ್ಯಸಭೆಯಲ್ಲಿ ವಾದಿಸಿದವರಲ್ಲಿ ಪ್ರಮುಖರು ಜಾವೇದ್ ಅಖ್ತರ್ ಅವರೇ.

ಇದೇ ಅಧಿನಿಯಮದ 52ನೆಯ ಕಲಮಿನಲ್ಲಿ ಇನ್ನೊಂದು ಬಾಗಿಲಿತ್ತು. ಧ್ವನಿಮುದ್ರಣವಾಗಿ ನಿಯತಕಾಲ ಕಳೆದ ಗೀತೆಯನ್ನು ನೋಟೀಸು ಮತ್ತು ಗೌರವಧನ ಕೊಟ್ಟು ಬೇರೆ ಕಂಠದಲ್ಲಿ ಹಾಡಿಸಿ ಮಾರಬಹುದಿತ್ತು. 1980ರ ದಶಕದಲ್ಲಿ ಕ್ಯಾಸೆಟ್ಟುಗಳು ಅಗ್ಗವಾದಾಗ ಗುಲ್ಶನ್ ಕುಮಾರ್ ಅವರ ಸೂಪರ್ ಕ್ಯಾಸೆಟ್ಸ್ ಸಂಸ್ಥೆ ಈ ಬಾಗಿಲಿನಿಂದ ಪ್ರವೇಶಿಸಿತು. ಹಳೆಯ ಗೀತೆಗಳ ಒಡೆತನ ಬಹುಪಾಲು ಗ್ರಾಮಫೋನ್ ಕಂಪನಿಯದಾಗಿದ್ದುದರಿಂದ, ಮೂಲ ಮುದ್ರಣವನ್ನು ಮುಟ್ಟಲಾಗದವರು ಮರುಗಾಯನವನ್ನು ಮಾರಿದರು. ಲತಾ ಅವರ ಗೀತೆಗಳನ್ನು ಹೀಗೆ ಮರುಗಾಯನ ಮಾಡಿದವರಲ್ಲಿ ಅನುರಾಧಾ ಪೌಡ್ವಾಲ್ ಮುಖ್ಯರು. ಅವರು 1954ರಲ್ಲಿ ನಮ್ಮ ಕಾರವಾರದಲ್ಲಿ ಜನಿಸಿದವರೆಂಬುದನ್ನು ಇಲ್ಲಿ ಸ್ಮರಿಸಬಹುದು. ಕಿಶೋರ್ ಕುಮಾರರ ಗೀತೆಗಳನ್ನು ಹೀಗೆಯೇ ಹಾಡಿ ಮೊದಲ ಮನ್ನಣೆ ಪಡೆದ ತರುಣರೊಬ್ಬರು ಕುಮಾರ್ ಸಾನು. 1990ರ 'ಆಶಿಕೀ' ಚಿತ್ರದಿಂದ ಅವರು ಸ್ವತಂತ್ರವಾಗಿ ಮೇಲೆ ಬಂದರು. ಒಂದಾದ ಮೇಲೊಂದರಂತೆ ಐದು ವರ್ಷ ಫಿಲ್ಮ್‌ಫೇರ್ ಪ್ರಶಸ್ತಿ ಪಡೆದರು. ಐದನೆಯದು ಪ್ರಸ್ತುತ ಗೀತೆಗೆ ಸಂದುದು. ಅಂದಮೇಲೆ, ಮೂಲಗೀತೆಯ ಮೂಲಕಂಠವೂ ಮರುಗಾಯನದ ಗರಡಿಯಲ್ಲಿ ಪಳಗಿದುದೇ. ಈ ಸಂಗತಿಯನ್ನು ತರಗತಿಯಲ್ಲಿ ಆಮೇಲೆ ಹೇಳಿದಾಗ ಎರಡು ಪಕ್ಷಗಳವರೂ ನಕ್ಕರು.

2002ರಲ್ಲಿ, 1972ರ 'ಸಮಾಧಿ' ಚಿತ್ರದ ಬರ್ಮನ್ ಗೀತೆಯೊಂದನ್ನು ಕುಣಿತದ ತಾಳಕ್ಕೆ ಒಗ್ಗಿಸಿ ದೃಶ್ಯಸಮೇತ ಬಿಟ್ಟ ಮೇಲೆ ರೀಮಿಕ್ಸ್ ಎಂಬ ಮಾತು ಮನೆಮನೆಯ ಮಾತಾಯಿತು. 2012ರ ತಿದ್ದುಪಡಿಯು ಮರುಗಾಯನದ ಬಾಗಿಲನ್ನು ಕಿರಿದುಮಾಡಿತು. 31ಸಿ ಕಲಮಿನ ಪ್ರಕಾರ ಐದು ವರ್ಷ ಕಾಯಬೇಕು, ಕನಿಷ್ಠ 50,000 ಪ್ರತಿಗಳ ಗೌರವಧನವನ್ನು ಮುಂಗಡವಾಗಿ ಸಲ್ಲಿಸಬೇಕು, ಕೃತಿಯಲ್ಲಿ ವ್ಯತ್ಯಾಸ ಮಾಡಕೂಡದು. ತತ್ಫಲವಾಗಿ ಹಳೆಯ ಗೀತೆಯ ಸಾಲೊಂದನ್ನು ಇಟ್ಟುಕೊಂಡು ಉಳಿದುದನ್ನು ಹೊಸದು ಮಾಡಬೇಕಾದರೆ ಸ್ವಾಮ್ಯ ಉಳ್ಳವರ ಸಮ್ಮತಿಯಿಲ್ಲದೆ ಸಾಗದು. ಹಳೆಯ ಗೀತಭಂಡಾರವನ್ನು ಕೈಯಲ್ಲಿರಿಸಿಕೊಂಡ ಸಂಸ್ಥೆಗಳಿಗೆ ಇದು ವರವೇ ಆಯಿತು. ಜನಕ್ಕೆ ಪರಿಚಿತವಾದ ಸಾಲು ಹೊಸ ಚಿತ್ರಕ್ಕೆ ಪುಕ್ಕಟೆ ಡಂಗುರ. 2017ರಲ್ಲಿ 'ಕಾಬಿಲ್' ಮತ್ತು 'ಓಕೆ ಜಾನು', 2018ರಲ್ಲಿ 'ಮಿತ್ರೋಂ', ಹೀಗೆ ಸಾಲುಗಟ್ಟಿ ಬಂದವು. 'ಮಿತ್ರೋಂ' ಚಿತ್ರಕ್ಕೆ 'ಪಾಕೀಜಾ'ದ ಗೀತೆಯೊಂದನ್ನು ಪುನಾರಚಿಸಿದ್ದನ್ನು ಲತಾ ಮಂಗೇಶ್ಕರ್ ಮೆಚ್ಚಲಿಲ್ಲ. ಅದೇ ವರ್ಷ ಅವರು ರೀಮಿಕ್ಸುಗಳನ್ನು ಕುರಿತು ಬಹಿರಂಗ ಪತ್ರವನ್ನೂ ಬರೆದರು. 2020ರ ಏಪ್ರಿಲಿನಲ್ಲಿ ಎ. ಆರ್. ರಹಮಾನ್ 'ದಿಲ್ಲಿ-6' ಚಿತ್ರದ ತಮ್ಮ ಗೀತೆಯ ಪುನಾರಚನೆಯ ಬಗ್ಗೆ ಅಸಮಾಧಾನವನ್ನು ಸಾರ್ವಜನಿಕವಾಗಿಯೇ ತೋಡಿಕೊಂಡರು. ಬದುಕಿದ್ದವರು ಮಾತನಾಡಿದರು.

ನಮ್ಮ ನಿದರ್ಶನದಲ್ಲಿ ಕಳವಿನ ಪ್ರಶ್ನೆಯೇ ಏಳುವುದಿಲ್ಲ. ಹಿಂದಿನ ಚಿತ್ರವನ್ನು ಮಾಡಿದವರದೇ ಮುಂದಿನ ಚಿತ್ರ; ಗೀತೆಗಳನ್ನು ಹೊರತಂದುದು ಅದೇ ಗ್ರಾಮಫೋನ್ ಕಂಪನಿ, 2000ದಲ್ಲಿ ಸರೆಗಮ ಎಂದು ಹೆಸರು ಬದಲಿಸಿಕೊಂಡುದು; ಮೂಲಕವಿಗೂ ಮೂಲಸಂಯೋಜಕರಿಗೂ ಹೆಸರಿನ ಮನ್ನಣೆ ಸಂದಿದೆ. ಅಷ್ಟೇ ಅಲ್ಲದೆ ಮೂಲಗೀತೆಯನ್ನು ತೆರೆಯ ಮೇಲೆ ಹಾಡಿದ ನಾಯಕನೇ ಹೊಸ ಚಿತ್ರದಲ್ಲಿಯೂ ಇದ್ದಾನೆ, ತಂದೆಯಾಗಿ. ಮಗಳ ಪಾತ್ರದಲ್ಲಿ ಅನಿಲ್ ಕಪೂರ್ ಅವರ ಮಗಳು ಸೋನಂ ಕಪೂರ್. ಒಂದೇ ಮನೆಯೊಳಗೆ ನಡೆದ ಹಂಚಿಕೆಯಂತಿರುವ ಈ ವ್ಯವಸ್ಥೆಯಲ್ಲಿ ಗೈರುಹಾಜರಾದವರು ಬರ್ಮನ್ನರು ಮಾತ್ರ.

ಹೊಸ ಚಿತ್ರದ ಕಥೆ ಪಂಜಾಬಿನ ಮೋಗಾ ಪಟ್ಟಣದಲ್ಲಿ ನಡೆಯುತ್ತದೆ. ಸ್ವೀಟಿ ಎಂಬ ಯುವತಿಯನ್ನು ಸಾಹಿಲ್ ಎಂಬ ನಾಟಕಕಾರನು ಕಂಡು ಮೋಹಿಸಿ ಅವಳ ಊರಿಗೆ ಬರುತ್ತಾನೆ. ಅವಳ ಮನಸ್ಸು ಅನ್ಯತ್ರ ಇದೆ. ಅವಳು ಪ್ರೀತಿಸಿದುದು ಕುಹೂ ಎಂಬ ಇನ್ನೊಬ್ಬ ಯುವತಿಯನ್ನು. ಇದನ್ನು ತಂದೆಯ ಮುಂದೆ ಹೇಳಿಕೊಳ್ಳುವುದು ಹೇಗೆಂಬುದೇ ಚಿತ್ರದ ಸಮಸ್ಯೆ. ನಿರ್ದೇಶಕಿಯೊಡನೆ ಚಿತ್ರಕಥೆಯನ್ನು ಬರೆದವರು ಗಜಲ್ ಧಾಲಿವಾಲ್. ಅವರು ಸ್ವತಃ ಲಿಂಗಪರಿವರ್ತಿತ ಮಹಿಳೆ. ಹಿಂದೀ ಚಿತ್ರರಂಗದ ಪ್ರಸಿದ್ಧ ನಟರನ್ನು ಒಳಗೊಂಡು, ಕುಟುಂಬದವರೆಲ್ಲ ಕುಳಿತು ನೋಡಲೆಂದು ತೆಗೆದ ಚಿತ್ರವೊಂದು ಇಂತಹ ವಸ್ತುವನ್ನು ಕೇಂದ್ರದಲ್ಲಿ ಇರಿಸಿದ್ದು ಸಣ್ಣ ಸಂಗತಿಯಲ್ಲ. 1998ರ ಕೊನೆಯಲ್ಲಿ ದೀಪಾ ಮೆಹ್ತಾ ಅವರ 'ಫೈರ್' ಚಿತ್ರವು ಇಬ್ಬರು ಸ್ತ್ರೀಯರ ಪ್ರೇಮವನ್ನು ತೋರಿಸಿದ ಕಾರಣಕ್ಕೆ ಮುಂಬಯಿ, ದಿಲ್ಲಿಗಳ ಚಿತ್ರಮಂದಿರಗಳ ಮೇಲೆ ದಾಳಿ ನಡೆದುದನ್ನು ನೆನೆದರೆ ಅಂತರ ಅರಿವಾದೀತು. ವಯಸ್ಕರ ಸಮ್ಮತಿಪೂರ್ವಕ ಸಂಬಂಧವನ್ನು ಭಾರತ ದಂಡಸಂಹಿತೆಯ 377ನೆಯ ಕಲಮಿನಿಂದ ಹೊರಗಿಟ್ಟು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತುದು 2018ರ ಸೆಪ್ಟೆಂಬರ್ 6ರಂದು. ಚಿತ್ರವು ಐದು ತಿಂಗಳೊಳಗೆ ತೆರೆಗೆ ಬಂದಿತು.

ಇಂತಹ ಚಿತ್ರಕ್ಕೆ ಹಳೆಯ ಪ್ರೇಮಗೀತೆಯ ಸಾಲು ಹೆಸರಾಗಿ ಹೇಗೆ ಹೊಂದಿತು? ಉತ್ತರವು ವ್ಯಾಕರಣದಲ್ಲಿದೆ. ಹಿಂದಿಯ ಸಕರ್ಮಕ ಭೂತಕಾಲದಲ್ಲಿ ಕ್ರಿಯಾಪದವು ಕರ್ತೃವಿನ ಲಿಂಗವನ್ನು ಅನುಸರಿಸುವುದಿಲ್ಲ. ಕರ್ಮಪದಕ್ಕೆ 'ಕೋ' ಪ್ರತ್ಯಯ ಹತ್ತಿದಾಗ ಕರ್ಮದ ಲಿಂಗವನ್ನೂ ಬಿಟ್ಟು ಏಕರೂಪವಾಗಿ ನಿಲ್ಲುತ್ತದೆ. ಈ ಸಾಲಿನಲ್ಲಿ ಕರ್ತೃಪದವೂ ಲುಪ್ತವಾಗಿದೆ. ಕಂಡುದು ಒಬ್ಬ ಹುಡುಗಿಯನ್ನು ಎಂಬುದು ಸ್ಪಷ್ಟ; ಕಂಡವರು ಗಂಡೋ ಹೆಣ್ಣೋ ಎಂಬುದನ್ನು ಸಾಲು ಹೇಳುವುದೇ ಇಲ್ಲ. ನಮ್ಮ ಭಾಷೆಯಲ್ಲಿಯೂ 'ನೋಡಿದೆನು' ಎಂಬ ಉತ್ತಮಪುರುಷ ರೂಪಕ್ಕೆ ಲಿಂಗಭೇದವಿಲ್ಲ. 'ನೋಡಿದನು', 'ನೋಡಿದಳು' ಎಂದು ಪ್ರಥಮಪುರುಷಕ್ಕೆ ಬಂದಾಗಲೇ ಭೇದ ತೋರುವುದು. ಹಿಂದಿಯಲ್ಲಾದರೋ ವರ್ತಮಾನ, ಭವಿಷ್ಯತ್ತುಗಳಲ್ಲಿ ಉತ್ತಮಪುರುಷವೂ ಲಿಂಗವನ್ನು ಬಿಟ್ಟುಕೊಡುತ್ತದೆ. ಆದಕಾರಣ ಭೂತಕಾಲದ ಈ ಸಾಲು ಕಾದಿರಿಸಿದಂತೆ ಇತ್ತು. ಮುಂದಿನ 21 ಉಪಮಾನಗಳಲ್ಲಿಯೂ ಹೇಳುವವರ ಗುರುತಿಲ್ಲ. 1994ರ ಕೇಳುಗರು ಪುರುಷನೆಂದು ತಿಳಿದುದು ಕಂಠದಿಂದ, ಮುಖದಿಂದ, ರೂಢಿಯಿಂದ, ಸಾಹಿತ್ಯದಿಂದಲ್ಲ. ಅದೇ ಚಿತ್ರದ ಮತ್ತೊಂದು ಗೀತೆಯನ್ನು ಕುಮಾರ್ ಸಾನು ಅವರಿಂದಲೂ ಲತಾ ಮಂಗೇಶ್ಕರ್ ಅವರಿಂದಲೂ ಪ್ರತ್ಯೇಕವಾಗಿ ಹಾಡಿಸಿದ್ದ ಬರ್ಮನ್ನರು ಇದನ್ನು ಪುರುಷಕಂಠಕ್ಕೆ ಮಾತ್ರ ಕೊಟ್ಟರು. ಗಜಲಿನ ಸಂಪ್ರದಾಯದಲ್ಲಿ ಪ್ರಿಯವ್ಯಕ್ತಿಯನ್ನು ಪುಲ್ಲಿಂಗದಲ್ಲಿ ನಿರ್ದೇಶಿಸಿ ಅನಿರ್ದಿಷ್ಟತೆಯನ್ನು ಉಳಿಸಿಕೊಳ್ಳುವ ವಾಡಿಕೆ ಉಂಟು. ಇಲ್ಲಿ ಅದು ತಿರುಗುಮುರುಗಾಗಿ, ಕಾಣಿಸಿಕೊಂಡವಳು ನಿರ್ದಿಷ್ಟ, ಕಂಡವರು ಅನಿರ್ದಿಷ್ಟ. 2019ರ ಚಿತ್ರದ ಹೆಸರು ಈ ಅನಿರ್ದಿಷ್ಟತೆಯನ್ನು ಗುರುತಿಸಿತು: ಒಬ್ಬ ಹುಡುಗಿಯನ್ನು ಕಂಡವಳೂ ಒಬ್ಬ ಹುಡುಗಿ.

ಇದು ಪುನಾರಚನೆಯ ಉತ್ತಮೋತ್ತಮ ರೀತಿಯೆಂದೇ ನಾವು ಭಾವಿಸುತ್ತೇವೆ. ಮೂಲದ ಒಂದಕ್ಷರವನ್ನೂ ಬದಲಿಸದೆ, ಅದರೊಳಗೆ ಇದ್ದೂ ಕಾಣದಿದ್ದ ಅರ್ಥವನ್ನು ಬೆಳಕಿಗೆ ತಂದ ವ್ಯಾಖ್ಯಾನಕಾರನ ಕೆಲಸವಿದು. ಆದರೆ ಈ ಪ್ರಶಂಸೆ ಚಿತ್ರದ ಹೆಸರಿಗೆ ಸಲ್ಲುವಷ್ಟು ಚಿತ್ರದ ಗೀತೆಗೆ ಸಲ್ಲದು. ಪುನಾರಚಿತ ಗೀತೆಯಲ್ಲಿ ಕೇಳಿಬರುವ ಎರಡು ಕಂಠಗಳೂ ಪುರುಷರವು. ಉಪಮಾನಗಳ ಮಾಲೆಯನ್ನು ಕೈಬಿಟ್ಟು, ಹೊಸ ಚರಣಗಳು ಕಂಡವರ ಅಂತರಂಗವನ್ನು, ಮೊದಲ ಬಾರಿಗೆ ಪ್ರೇಮವುಂಟಾದ ಅನುಭವವನ್ನು ವರ್ಣಿಸುತ್ತವೆ. ಹಾಗೆ ವರ್ಣಿಸುವಾಗ 'ನಾನು' ಎಂಬುದಕ್ಕೆ ಕೂಡಿದ ಕ್ರಿಯಾಪದವು ಪುಲ್ಲಿಂಗಕ್ಕೆ ಬಂದುಬಿಟ್ಟಿದೆ. ಹಳೆಯ ಗೀತೆಯು ತೆರೆದಿಟ್ಟಿದ್ದ ಬಾಗಿಲನ್ನು, ಆ ಬಾಗಿಲಿಗಾಗಿಯೇ ಅದನ್ನು ಆರಿಸಿಕೊಂಡ ಚಿತ್ರದಲ್ಲಿ, ಹೊಸ ಗೀತೆಯು ಮುಚ್ಚಿತು. ಕಥೆಯಲ್ಲಿ ಮೋಹಗೊಂಡ ಸಾಹಿಲನ ದೃಷ್ಟಿಯಿಂದ ಅದು ಸಹಜವೆಂದು ಸಮಾಧಾನ ಹೇಳಬಹುದು; ಗುಟ್ಟನ್ನು ಮುಂಚೆಯೇ ಬಿಟ್ಟುಕೊಡಬಾರದೆಂಬ ವ್ಯಾಪಾರದ ಎಚ್ಚರವೂ ಇದ್ದಿರಬಹುದು. ಆದರೂ ಕುಹೂವನ್ನು ಕಂಡ ಸ್ವೀಟಿಗೆ ಆ ಸಾಲನ್ನು ತನ್ನ ಕಂಠದಲ್ಲಿ ಹಾಡುವ ಅವಕಾಶ ದೊರೆಯಲಿಲ್ಲ. ಸ್ತ್ರೀಕಂಠವೊಂದಕ್ಕೆ 1994ರ ಪಾಠವನ್ನೇ ಅಕ್ಷರಶಃ ಕೊಟ್ಟಿದ್ದರೆ ಒಂದೂ ಹೊಸ ಸಾಲು ಬರೆಯಬೇಕಾಗಿರಲಿಲ್ಲ.

ಇಲ್ಲಿ ನಮ್ಮ ತರಗತಿಯ ಪ್ರಶ್ನೆಗೆ ಹಿಂದಿರುಗಬಹುದು. ಮೂಲ ಯಾವುದೆಂದು ಕೇಳಿದವರಿಗೆ ಕಾಲಾನುಕ್ರಮವನ್ನು ಹೇಳಿದೆವು. ಪಾಠದ ವಿಚಾರವನ್ನು ಹೇಳಬೇಕಾಗಿತ್ತು. ಸಾಮಾಜಿಕ ಇತಿಹಾಸಕ್ಕೆ ಚಲಚ್ಚಿತ್ರಗೀತೆಯನ್ನು ಆಧಾರವಾಗಿ ಬಳಸುವವರು ದಿನೇ ದಿನೇ ಹೆಚ್ಚುತ್ತಿದ್ದಾರೆ. ಅಂತರಜಾಲದ ಸಂಗೀತ ಭಂಡಾರಗಳಲ್ಲಿ ಎರಡು ಪಾಠಗಳೂ ಬಹುಮಟ್ಟಿಗೆ ಒಂದೇ ಹೆಸರಿನಲ್ಲಿ ಅಕ್ಕಪಕ್ಕದಲ್ಲಿವೆ. ವರ್ಷವನ್ನೂ ಕಂಠವನ್ನೂ ನಮೂದಿಸದೆ ಸಾಹಿತ್ಯವನ್ನು ಉದ್ಧರಿಸಿದ ಪ್ರಬಂಧಗಳನ್ನು ನಾವೇ ಪರಿಶೀಲಿಸಿದ್ದುಂಟು. 1994ರ ಪಾಠವನ್ನು ಓದಿ ಅಂದಿನ ಪ್ರೇಮದ ಕಲ್ಪನೆಯಲ್ಲಿ ಪುರುಷನೇ ನೋಡುವವನೆಂದು ಬರೆದರೆ ಸಾಹಿತ್ಯದಲ್ಲಿ ಇಲ್ಲದುದನ್ನು ಆರೋಪಿಸಿದಂತಾಯಿತು. 2019ರ ಪಾಠವನ್ನು ಓದಿ, ಚಿತ್ರವು ಹೊಸ ಪ್ರೇಮವನ್ನು ಪ್ರತಿಪಾದಿಸಿತಾದ್ದರಿಂದ ಗೀತೆಯೂ ಹಾಗೆಯೇ ಎಂದು ಬರೆದರೆ ಸಾಹಿತ್ಯದಲ್ಲಿ ಇರುವುದನ್ನು ಕಡೆಗಣಿಸಿದಂತಾಯಿತು.

ಕೊನೆಯದಾಗಿ ಕಾಲಾವಧಿಯ ಒಂದು ಲೆಕ್ಕ. ಠಾಕೂರರ ಕೃತಿಗಳ ಸ್ವಾಮ್ಯವು 1991ರ ಕೊನೆಗೆ ಮುಗಿಯಲಿದ್ದುದರಿಂದ ಅವಧಿಯನ್ನು ಕರ್ತೃವಿನ ಮರಣಾನಂತರ 50 ವರ್ಷಗಳಿಂದ 60ಕ್ಕೆ ಏರಿಸಿದ ಸಂಗತಿ ಓದುಗರಿಗೆ ತಿಳಿದಿರಬಹುದು. ಆ ಪ್ರಕಾರ ಬರ್ಮನ್ನರ ಸ್ವರಸಂಯೋಜನೆ 2054ರ ಡಿಸೆಂಬರಿನವರೆಗೆ ರಕ್ಷಿತವಾಗಿದೆ; ಪ್ರಕಟಣೆಯಿಂದ 60 ವರ್ಷ ಎಣಿಸುವ ನಿಯಮದಂತೆ 1994ರ ಚಿತ್ರದ ಸ್ವಾಮ್ಯವೂ ಅದೇ ದಿನ ಮುಗಿಯುತ್ತದೆ. 57ನೆಯ ಕಲಮಿನ ಪ್ರಕಾರ, ಕೃತಿಯನ್ನು ವಿಕೃತಗೊಳಿಸಿ ಕರ್ತೃವಿನ ಗೌರವಕ್ಕೆ ಕುಂದು ತಂದರೆಂದು ತೋರಿದಲ್ಲಿ ಅವರ ಉತ್ತರಾಧಿಕಾರಿಗಳು ನ್ಯಾಯಾಲಯಕ್ಕೆ ಹೋಗಬಹುದು. ಪದಗಳ ಅವಧಿಯನ್ನು ಕವಿಯ ಜೀವಿತದಿಂದ ಎಣಿಸಬೇಕಾದುದರಿಂದ ಅದು ಇನ್ನೂ ಕನಿಷ್ಠ ಮೂರು ದಶಕಗಳಷ್ಟು ಮುಂದಕ್ಕೆ ಹೋಗುತ್ತದೆ. 2055ರ ಜನವರಿ 1ರಿಂದ ಆ ಧಾಟಿಯನ್ನು ಯಾರು ಬೇಕಾದರೂ, ಯಾವ ಕಂಠದಲ್ಲಿ ಬೇಕಾದರೂ, ಯಾರನ್ನೂ ಕೇಳದೆ ಹಾಡಬಹುದು. 21 ಉಪಮಾನಗಳನ್ನು ಕೂಡಿಸಬೇಕಾದರೆ ಮಾತ್ರ ಅಪ್ಪಣೆ ಬೇಕು.